ಮಡಿ ಅಡುಗೆಮನೆ ಫ್ರಾನ್ಸಿಗೆ ಹೊರಟದ್ದು

ನಮ್ಮವರಿಗೆ ಒಂದು ಯೋಜನೆ ಹೊಳೆಯಿತು ಅಂದರೆ ನನ್ನ ಸೊಂಟಕ್ಕೆ ಮೊದಲೇ ಗೊತ್ತಾಗುತ್ತದೆ. ಯೋಜನೆ ಅವರದು, ದುಡಿತ ನನ್ನದು, ಇದು ನಮ್ಮ ಮನೆಯ ಪದ್ಧತಿ. ತಾರಸಿಯ ಮೇಲೆ ತೊಂಡೆ ಬೆಳೆಯೋಣ ಅಂದರು, ನೀರಿನ ಬಕೀಟು ಹೊತ್ತವಳು ನಾನು. ಜೇನು ಸಾಕೋಣ ಅಂದರು, ಕಚ್ಚಿಸಿಕೊಂಡವಳು ನಾನು. ಇಂಥವು ವರ್ಷಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಆದರೆ ಚೆನ್ನೈಯಲ್ಲಿ ಬೀದಿಗೊಂದು ಬ್ರೌಸಿಂಗ್ ಸೆಂಟರ್ ಹುಟ್ಟಿಕೊಂಡ ಕಾಲದಲ್ಲಿ ಆದದ್ದರ ಮುಂದೆ ಉಳಿದದ್ದೆಲ್ಲ ಏನೂ ಅಲ್ಲ.

ಚಕ್ರದ ಮೇಲೆ ಒಲೆ

ನಮ್ಮವರು ಆಗಷ್ಟೇ ರೈಲ್ವೆಯ ಅಕೌಂಟ್ಸ್‌ನಿಂದ ರಿಟೈರಾಗಿದ್ದರು. ಒಂದು ಸಂಜೆ ಬ್ರೌಸಿಂಗ್ ಸೆಂಟರಿನಿಂದ ಮುಖ ಅರಳಿಸಿಕೊಂಡು ಬಂದು, "ಫ್ರಾನ್ಸಿಗೆ ಹೋಗೋಣ್ವೇನೇ?" ಅಂದರು.

ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಅಲ್ಲಿಯ ಗೋಪುರವಾಗಲಿ ಅರಮನೆಯಾಗಲಿ ನನಗೆ ಬೇಕಿರಲಿಲ್ಲ. ಮದುವೆಯಾಗಿ ಮೈಸೂರಿನಿಂದ ಈ ಊರಿಗೆ ಬಂದಾಗಿನಿಂದ ನನಗಿದ್ದದ್ದು ಒಂದೇ ಆಸೆ. ಒಂದೆರಡು ವಾರ ಒಲೆಯ ಮುಖ ನೋಡಬಾರದು, ಬೆಳಿಗ್ಗೆ ಎದ್ದು ಬೇರೆ ಯಾರಾದರೂ ಮಾಡಿಟ್ಟ ಕಾಫಿ ಕುಡಿಯಬೇಕು.

"ಯಾವ ಹೋಟೆಲು?" ಅಂತ ಕೇಳಿದೆ.

"ಹೋಟೆಲು ಯಾಕೆ? ಮೋಟರ್‌ಹೋಮ್! ಮನೇನೇ ಗಾಡಿ ಮೇಲಿರತ್ತೆ. ಹಳ್ಳಿಹಳ್ಳಿ ಸುತ್ತೋದು. ದ್ರಾಕ್ಷಿತೋಟದ ಪಕ್ಕ ನಿಲ್ಲಿಸಿದೆವು, ನೀನು ಬಿಸಿಬಿಸಿ ಹುಳಿ, ಪಲ್ಯ ಮಾಡಿದೆ, ಉಂಡೆವು, ಹೊರಟೆವು."

"ನೀವೇನು ಮಾಡ್ತೀರಿ?"

"ನಾನು ಓಡಿಸ್ತೀನಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. "ಒಗ್ಗರಣೆ ಹಾಕೋದಕ್ಕೆ ನನಗೆ ವೀಸಾ ಬೇರೆ ಬೇಕಾ?" ಅಂದೆ.

ಅವರು ಗಂಭೀರವಾಗಿ ತಲೆಯಾಡಿಸಿದರು. "ಬೇಕಂತೆ. ನುಂಗಂಬಾಕ್ಕಂನ ಟ್ರಾವೆಲ್ಸ್‌ನವನನ್ನ ಕೇಳಿಕೊಂಡೇ ಬಂದೆ."

ಅಕ್ಕ ಒಪ್ಪಿದರು

ಚೆನ್ನೈಯಲ್ಲೇ ತಿರುವೊಟ್ಟಿಯೂರಿನಲ್ಲಿರುವ ನಮ್ಮವರ ಅಕ್ಕ ಮಹಾ ಮಡಿ. ಹೊರಗೆ ಒಂದು ತೊಟ್ಟು ನೀರು ಮುಟ್ಟುವವರಲ್ಲ. ಅವರು ಹೇಗೂ ಬೇಡ ಅನ್ನುತ್ತಾರೆ, ಈ ಹುಚ್ಚು ಅಲ್ಲಿಗೇ ನಿಲ್ಲುತ್ತದೆ ಅಂತ ನಾನು ನೆಮ್ಮದಿಯಾಗಿದ್ದೆ.

"ನಮ್ಮ ಒಲೆ, ನಮ್ಮ ಪಾತ್ರೆ, ನಮ್ಮ ಸಾರಿನಪುಡಿ. ಅಪ್ಪುರಂ ಇನ್ನೇನೋ ತೊಂದರೆ? ನಾನೂ ಬರ್ತೀನಿ ಡಾ" ಅಂದುಬಿಟ್ಟರು.

ಅವರಿಗಿದ್ದದ್ದು ಒಂದೇ ಚಿಂತೆ. ಅಲ್ಲಿ ಸೂರ್ಯ ತಡವಾಗಿ ಹುಟ್ಟುತ್ತಾನಂತೆ, ಹಾಗಾದರೆ ಏಕಾದಶಿ ನಮ್ಮ ಊರಿನ ಲೆಕ್ಕಕ್ಕೋ ಆ ಊರಿನ ಲೆಕ್ಕಕ್ಕೋ? ಮಠದ ಆಚಾರ್ಯರಿಗೆ ಫೋನು ಹೋಯಿತು. ಆಚಾರ್ಯರು ಎರಡು ಪಂಚಾಂಗ ತೆಗೆದಿಟ್ಟು ತಾವೇ ತಬ್ಬಿಬ್ಬಾದರು. ಕೊನೆಗೆ ಅಕ್ಕನೇ ತೀರ್ಪು ಕೊಟ್ಟರು: "ಯಾವುದಕ್ಕೂ ಇರಲಿ, ಎರಡೂ ಮಾಡಿಬಿಡೋಣ."

ಸದ್ಯ, ಎರಡು ದಿನವಾದರೂ ಒಲೆ ಆರಿರುತ್ತದಲ್ಲ ಅಂತ ನಾನು ಒಳಗೊಳಗೇ ಹಿಗ್ಗಿದೆ. ಅಕ್ಕ ನನ್ನ ಕಡೆ ತಿರುಗಿ, "ಇವನಿಗೆ ಹಸಿವು ತಡೆಯಲ್ಲ. ಆ ಎರಡು ದಿನ ಮಾತ್ರ ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣಿನ ರಸಾಯನ, ಸಂಜೆಗೆ ಏನಾದರೂ ಬಿಸಿಯಾಗಿ ಮಾಡಿಕೊಡು" ಅಂದರು. ನಮ್ಮ ಮನೆಯಲ್ಲಿ ಊಟದ ದಿನಕ್ಕಿಂತ ಉಪವಾಸದ ದಿನವೇ ಪಾತ್ರೆ ಜಾಸ್ತಿ ಬೀಳುತ್ತದೆ.

ಬಲಗಡೆಯ ಅಭ್ಯಾಸ

ಫ್ರಾನ್ಸಿನಲ್ಲಿ ಗಾಡಿ ರಸ್ತೆಯ ಬಲಗಡೆ ಓಡಿಸಬೇಕು. ಅದಕ್ಕೆ ಇಲ್ಲಿಂದಲೇ ಅಭ್ಯಾಸವಾಗಬೇಕು ಅಂತ ನಮ್ಮವರು ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಎಣ್ಣೆ ಕಾರ್ಖಾನೆಗಳಿರುವ ಮಣಲಿ ಕಡೆ ಹೊರಟರು. ಭಾನುವಾರ ಅಲ್ಲಿ ರಸ್ತೆ ಖಾಲಿ ಅಂತ ಅವರಿಗೆ ಯಾರೋ ಹೇಳಿದ್ದರಂತೆ. ಎಣ್ಣೆ ತುಂಬಿದ ಟ್ಯಾಂಕರುಗಳಿಗೆ ಆ ವಿಷಯ ಯಾರೂ ಹೇಳಿರಲಿಲ್ಲ.

ಎದುರಿಗೆ ಬಂದ ಟ್ಯಾಂಕರ್ ಹಾರ್ನ್ ಹೊಡೆದ ರಭಸಕ್ಕೆ ನಾನು ಕಣ್ಣು ಮುಚ್ಚಿದೆ. ಬಿಟ್ಟಾಗ ಕಾರು ಮುಳ್ಳುಕಂಟಿಯಲ್ಲಿತ್ತು, ಕಿಟಕಿಯಲ್ಲಿ ಒಬ್ಬ ಪೊಲೀಸಿನವನ ಮುಖವಿತ್ತು.

"ಎನ್ನ ಸಾರ್, ರಾಂಗ್ ಸೈಡ್?"

ನಮ್ಮವರು ಸೀಟಿನಲ್ಲಿ ನೆಟ್ಟಗೆ ಕೂತು, ಫ್ರಾನ್ಸಿನಲ್ಲಿ ಇದೇ ಸರಿಯಾದ ಸೈಡು ಅಂತ ತಮಿಳಿನಲ್ಲಿ ಒಂದು ಭಾಷಣವನ್ನೇ ಬಿಗಿದರು. ಅವನು ಪೂರ್ತಿ ಕೇಳಿಸಿಕೊಂಡ.

"ಅಪ್ಪೊ ಫ್ರಾನ್ಸ್‌ಲ ಪೋಯಿ ಓಟ್ಟುಂಗ ಸಾರ್," ಹಾಗಾದರೆ ಫ್ರಾನ್ಸಿಗೇ ಹೋಗಿ ಓಡಿಸಿ ಅಂದ. " ಇದು ಮಣಲಿ."

ಆಮೇಲೆ ನನ್ನ ಕಡೆ ಬಂದು ಬಗ್ಗಿ, ಇವರು ಯಾವಾಗಲೂ ಹೀಗೇನಾ ಅಮ್ಮಾ ಅಂತ ಮೆಲ್ಲಗೆ ಕೇಳಿದ. ಹೌದು ಅಂದೆ. ದಂಡವನ್ನೂ ಹಾಕದೆ ಬಿಟ್ಟುಬಿಟ್ಟ.

ತಾರಸಿಯ ಮೇಲೆ ರಿಹರ್ಸಲ್

ಗಾಡಿಯಲ್ಲಿ ಯಾರು ಎಲ್ಲಿ ಅಂತ ಮೊದಲೇ ಗೊತ್ತಿರಬೇಕು ಅಂತ ನಮ್ಮವರು ನನ್ನ ರಂಗೋಲಿ ಡಬ್ಬಿ ಕಿತ್ತುಕೊಂಡು ತಾರಸಿಯ ಮೇಲೆ ಮೋಟರ್‌ಹೋಮನ್ನು ಅದರ ನಿಜವಾದ ಉದ್ದಗಲಕ್ಕೆ ಬರೆದರು. ಮುಂದೆ ಡ್ರೈವರ್ ಸೀಟು ಅಂತ ಪ್ಲಾಸ್ಟಿಕ್ ಕುರ್ಚಿ ಹಾಕಿ ತಾವು ಕೂತರು. ಹಿಂದೆ ಮಂಚ ಅಂತ ಚಾಪೆ ಹಾಸಿ ಅಕ್ಕನನ್ನು ಕೂರಿಸಿದರು. "ನೀನು ಇಲ್ಲಿ" ಅಂತ ನನ್ನನ್ನು ಒಲೆಯ ಚೌಕದ ಮುಂದೆ ನಿಲ್ಲಿಸಿದರು. ರಂಗೋಲಿಯ ಗಾಡಿಯಲ್ಲೂ ನಿಂತಿದ್ದವಳು ನಾನೊಬ್ಬಳೇ.

ಪಕ್ಕದ ಮನೆಯ ಮಾಮಿ ಬಟ್ಟೆ ಒಣಹಾಕಲು ಬಂದರು. "ಗೋಡೆ ತುಳೀಬೇಡಿ ಮಾಮಿ, ಬಾಗಿಲು ಆ ಕಡೆ!" ಅಂತ ನಮ್ಮವರು ಕೂಗಿದರು. ಮಾಮಿ ಬಕೀಟು ಅಲ್ಲೇ ಬಿಟ್ಟು ಕೆಳಗೆ ಓಡಿದರು.

ಅಷ್ಟರಲ್ಲಿ ಅಕ್ಕನ ಕಣ್ಣು ಒಲೆಯ ಪಕ್ಕಕ್ಕೆ ಬಿತ್ತು. "ಈ ಚೌಕ ಏನೋ?"

"ಅದಾ ಅಕ್ಕಾ? ಅದು... ಟಾಯ್ಲೆಟ್."

ಅಕ್ಕ ಚೌಕ ನೋಡಿದರು, ಒಲೆ ನೋಡಿದರು, ಒಲೆಯ ಪಕ್ಕದಲ್ಲಿ ದೇವರ ಪೆಟ್ಟಿಗೆಗೆ ಬರೆದಿದ್ದ ಗೆರೆ ನೋಡಿದರು. "ಇಷ್ಟು ಪಕ್ಕದಲ್ಲಾ? ಹೋಗಲಿ, ಅದೆಲ್ಲ ಎಲ್ಲಿಗೆ ಹೋಗತ್ತೆ? ನಿಮ್ಮ ರೈಲಿನ ಹಾಗೆ ದಾರಿ ಮೇಲೇನಾ?"

"ಛೆ ಛೆ, ಅದು ಫ್ರಾನ್ಸು! ಕೆಳಗೊಂದು ಪೆಟ್ಟಿಗೆ ಇರತ್ತೆ. ತುಂಬಿದ ಮೇಲೆ ಎಳೆದು, ಕೈಯಲ್ಲಿ ಹೊತ್ತುಕೊಂಡು ಹೋಗಿ ಸುರಿದು, ತೊಳೆದು ತರೋದು. ತುಂಬಾ ಸುಲಭ."

"ಯಾರು?"

ನಮ್ಮವರು ನನ್ನ ಕಡೆ ನೋಡಿದರು. ತಾವು ಕುಡಿದ ಕಾಫಿ ಲೋಟ ಒಂದು ದಿನವೂ ಎತ್ತಿಟ್ಟವರಲ್ಲ, ಆ ನೋಟ ನೋಡಿದಾಗ ನನಗೆ ಅವರನ್ನು ಕುರ್ಚಿಯ ಸಮೇತ ಕೆಳಗೆ ತಳ್ಳುವಷ್ಟು ಸಿಟ್ಟು ಬಂತು. ತಡೆದುಕೊಂಡು ಅಕ್ಕನ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದೆ: "ಅಡುಗೆ ಮಾಡೋ ಕೈಯಲ್ಲಿ ಅದನ್ನ ಮುಟ್ಟಬಹುದಾ ಅಕ್ಕಾ?"

"ಕೃಷ್ಣ ಕೃಷ್ಣಾ! ಕೂಡದು! ಅವಳು ಮುಟ್ಟಕೂಡದು ಡಾ, ನೀನೇ ಮಾಡ್ಬೇಕು. ಮಾಡಿ, ಪ್ರತಿಸಲವೂ ತಲೆಗೆ ಸ್ನಾನ ಮಾಡಿಕೊಂಡೇ ಗಾಡಿ ಒಳಗೆ ಬರಬೇಕು."

"ಸ್ನಾನದ ಮನೆ ಗಾಡಿ ಒಳಗೇ ಇದೆಯಲ್ಲಕ್ಕಾ!"

ಅಕ್ಕ ಗಾಡಿಯ ಬಾಗಿಲಿನ ಕಡೆ ಕೈ ತೋರಿಸಿದರು. "ಹಾಗಾದರೆ ಹೊರಗೇ ಇರು."

ಸಂಜೆಯ ಕಡಲಗಾಳಿಗೆ ಮೋಟರ್‌ಹೋಮ್ ಅರ್ಧಕ್ಕರ್ಧ ಹಾರಿಹೋಯಿತು.

ಮೊದಲ ಬೆಳಗು

ಅಕ್ಕ ಬರುವುದಿಲ್ಲ ಅಂದರು. ಪೆಟ್ಟಿಗೆ ಹೊರುವುದು ತಮ್ಮ ಪಾಲಿಗೆ ಬಂದದ್ದೇ ನಮ್ಮವರು ಮೋಟರ್‌ಹೋಮ್ ಕೈಬಿಟ್ಟು, ನುಂಗಂಬಾಕ್ಕಂಗೆ ಹೋಗಿ, ಫ್ರಾನ್ಸಿನ ಹಳ್ಳಿಗಾಡಿನಲ್ಲೇ ಒಂದು ಹೋಟೆಲು ಹಿಡಿದು, ಅದೂ ತಮ್ಮದೇ ಯೋಜನೆ ಅನ್ನುವ ಹಾಗೆ ಬೀಗುತ್ತಾ ಬಂದರು.

ಅಲ್ಲಿ ಮೊದಲ ದಿನ ಬೆಳಿಗ್ಗೆ ಯಾರೋ ಮಾಡಿದ ಕಾಫಿ ನನ್ನ ಮುಂದೆ ಬಂತು. ಕಷಾಯದ ಹಾಗಿತ್ತು. ಎರಡು ಕಪ್ಪು ಕುಡಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ನಮ್ಮವರಿಗೆ ಬ್ರೆಡ್ಡು ಗಂಟಲಲ್ಲಿ ಇಳಿಯಲಿಲ್ಲ. ರೂಮಿಗೆ ಬಂದವರೇ ತಮ್ಮ ಸೂಟ್‌ಕೇಸಿನ ಶರ್ಟುಗಳ ಅಡಿಯಿಂದ ಏನೋ ತೆಗೆದರು. ನೋಡಿದರೆ ನಮ್ಮ ಮನೆಯ ಎಲೆಕ್ಟ್ರಿಕ್ ಕುಕ್ಕರು! ಅದರೊಳಗೆ ಅಕ್ಕಿ, ಬೇಳೆ, ಸಾರಿನಪುಡಿ.

"ಒಂದೇ ಒಂದು ಹಿಡಿ ಅನ್ನ, ಚೂರು ಸಾರು. ಪ್ಲಗ್ಗು ಇಲ್ಲೇ ಇದೆ" ಅಂದರು.

ನಾನು ಎದ್ದು ಹೋಗಿ ಪ್ಲಗ್ಗಿನ ಪಕ್ಕದಲ್ಲೇ ಇದ್ದ ಬಾತ್‌ರೂಮಿನ ಬಾಗಿಲನ್ನು ಪೂರ್ತಿ ತೆರೆದೆ.

"ಇಷ್ಟು ಪಕ್ಕದಲ್ಲಾ? ನಿಮ್ಮಕ್ಕ ಒಪ್ಪುತ್ತಾರಾ?"

"ಹಾಗಾದ್ರೆ ನಾನೇನು ತಿನ್ನಲೇ?"

"ಇವತ್ತು ಏಕಾದಶಿ" ಅಂದೆ. "ಇಲ್ಲಿಯದೋ, ನಮ್ಮೂರಿನದೋ, ಯಾವುದೋ ಒಂದು ಇದ್ದೇ ಇರುತ್ತೆ."