ಸರದಿ ಬಿಟ್ಟುಕೊಡುವ ವಿದ್ಯೆ

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಜಗಳಗಳು ಬಹಳ ಚೆನ್ನಾಗಿ ನಡೆಯುತ್ತಿದ್ದವು. ನಾನೂ ನನ್ನ ಹೆಂಡತಿ ಪಂಕಜಾಳೂ ಒಟ್ಟಿಗೇ ಶುರುಮಾಡಿ, ಒಟ್ಟಿಗೇ ದನಿ ಏರಿಸಿ, ಕುಕ್ಕರ್ ಮೂರನೆಯ ಸಲ ಕೂಗುವ ಹೊತ್ತಿಗೆ ಒಟ್ಟಿಗೇ ಮುಗಿಸುತ್ತಿದ್ದೆವು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಯಾರಿಗೂ ನೋವಾಗುತ್ತಿರಲಿಲ್ಲ. ಗೋರೆಗಾಂವ್‌ನ ಪುಟ್ಟ ಫ್ಲ್ಯಾಟಿನಲ್ಲಿ ಇದಕ್ಕಿಂತ ಹೆಚ್ಚಿನ ದಾಂಪತ್ಯಸುಖವನ್ನು ಯಾರು ಬಯಸಿಯಾರು? ನಾನು ಬಯಸಿದೆ. ಮಾತಾಡಲು ನನಗೂ ಒಂದು ಸರದಿ ಸಿಗಲಿ, ನಾನು ಮುಗಿಸುವ ತನಕ ಎದುರಿನವರು ಸುಮ್ಮನಿರಲಿ ಎಂದು ಬಯಸಿದೆ. ದೇವರು ಕೇಳಿಸಿಕೊಂಡ. (ಇಂಥದ್ದನ್ನೆಲ್ಲ ಅವನು ತಪ್ಪದೆ ಕೇಳಿಸಿಕೊಳ್ಳುತ್ತಾನೆ. ಪ್ರಮೋಷನ್ ವಿಷಯದಲ್ಲಿ ಮಾತ್ರ ಅವನ ಕಿವಿ ಸ್ವಲ್ಪ ಮಂದ.)

ಎಲ್ಲಕ್ಕೂ ಕಾರಣ ಒಂದು ಹನಿ. ಅಡುಗೆಮನೆಯ ಛಾವಣಿಯಲ್ಲಿ, ಒಲೆಯ ನೇರ ಮೇಲೆ, ಒಂದು ಒದ್ದೆ ಕಲೆ ಮೂಡಿತು. ಮೊದಲು ನಾಣ್ಯದಷ್ಟಿತ್ತು, ಆಮೇಲೆ ತಟ್ಟೆಯಷ್ಟಾಯಿತು, ಹರಿವಾಣದಷ್ಟಾದ ಮೇಲೆ ತೊಟ್ಟಿಕ್ಕತೊಡಗಿತು. ಮೇಲಿನ ಮನೆಯ ಬಚ್ಚಲ ನೀರು ನಮ್ಮ ಸಾರಿನ ಪಾತ್ರೆಗೆ. ಪಂಕಜಾ ಸ್ಟವ್ ಎತ್ತಿ ಹಾಲ್‌ಗೆ ತಂದಳು, ಅದಿದ್ದ ಜಾಗದಲ್ಲಿ ಬಕೆಟ್ ಇಟ್ಟಳು, ಸೆರಗಿಗೆ ಕೈ ಒರೆಸಿಕೊಂಡು ಆಜ್ಞೆ ಹೊರಡಿಸಿದಳು.

“ಯುಗಾದಿಗೆ ಅಡುಗೆಮನೆ ಒಣಗಿದ್ರೆ ಒಬ್ಬಟ್ಟು. ಇಲ್ದಿದ್ರೆ ಬ್ರೆಡ್ಡು.”

ಮೈಸೂರು ಕಡೆಯವನಾದ ನಾನು ಮುಂಬಯಿಗೆ ಬಂದು ಬಹಳಷ್ಟನ್ನು ಬಿಟ್ಟುಕೊಟ್ಟಿದ್ದೇನೆ: ಅಂಗಳ, ಮಧ್ಯಾಹ್ನದ ನಿದ್ದೆ, ಲೋಕಲ್ ಟ್ರೇನಿನಲ್ಲಿ ಎರಡನೆಯ ಕಾಲು ಊರುವ ಹಕ್ಕು. ಯುಗಾದಿಯ ಒಬ್ಬಟ್ಟನ್ನೂ ತ್ಯಜಿಸುವಷ್ಟು ವೈರಾಗ್ಯ ಇನ್ನೂ ಬಂದಿರಲಿಲ್ಲ. ಆದ್ದರಿಂದ ಮೇಲೆ ಹೋದೆ.

ಮೇಲಿನ ಮನೆಯವರು ರಮಾನಾಥರು. ಉಡುಪಿಯವರು. ದಾದರ್ ಸ್ಟೇಷನ್ ಹತ್ತಿರ ಅವರ ಹೋಟೆಲಿದೆ. ಅದು ಹೊಟ್ಟೆಪಾಡು, ಪ್ರಾಣವಿರುವುದು ತಾಳಮದ್ದಳೆಯಲ್ಲಿ. ವೇಷವಿಲ್ಲದೆ, ಕುಣಿತವಿಲ್ಲದೆ, ಎದುರುಬದುರು ಕೂತು, ಒಬ್ಬ ಕೃಷ್ಣನಾಗಿ ಇನ್ನೊಬ್ಬ ಕರ್ಣನಾಗಿ ಬರೀ ಮಾತಿನಲ್ಲೇ ಯುದ್ಧ ಮಾಡುವ ಆ ಕಲೆಯಲ್ಲಿ ಅವರನ್ನು ಸೋಲಿಸಿದವರು ಚರ್ಚ್‌ಗೇಟ್‌ನಿಂದ ವಿರಾರ್ ತನಕ ಯಾರೂ ಇಲ್ಲ.

“ಲೀಕೇಜಾ? ನೀರು ಮೇಲಿಂದ ಕೆಳಗೆ ಬರುವುದು ಅದರ ಧರ್ಮ ಅಲ್ವಾ ಮಾರಾಯ್ರೆ?” ಎಂದರು ರಮಾನಾಥರು.

“ಹೌದು,” ಎಂದೆ. (ಒಪ್ಪಬಾರದಿತ್ತು.)

“ಗಂಗೆ ಸ್ವರ್ಗದಿಂದ ಇಳಿದು ಬರುವಾಗ ತಲೆ ಕೊಟ್ಟವ ಯಾರು?”

“ಶಿವ.”

“ನಿಮ್ಮ ಹೆಸರು ಎಂತದು?”

“ನಂಜುಂಡ.”

“ಮತ್ತೆ?”

ಮತ್ತೇನು ಹೇಳಲಿ? ಅವರು ಕೊಟ್ಟ ಗೋಳಿಬಜೆಯ ಪೊಟ್ಟಣ ಹಿಡಿದು, ಸಾಕ್ಷಾತ್ ಪರಶಿವನ ಗಾಂಭೀರ್ಯದಲ್ಲಿ ಮೆಟ್ಟಿಲಿಳಿದು ಬಂದೆ. ಪಂಕಜಾ ಪೊಟ್ಟಣವನ್ನು ನೋಡಿದಳು, ನನ್ನನ್ನು ನೋಡಿದಳು.

“ಪ್ಲಂಬರ್ ಎಲ್ಲಿ?” ಎಂದಳು.

ಆ ವಾರವೇ ಅಂಧೇರಿಯ ನಮ್ಮ ಆಫೀಸಿಗೆ ಬಣ್ಣ ಹೊಡೆಯಲು ಶುರುಮಾಡಿದರು. ಅದು ಮುಗಿಯುವ ತನಕ ಒಂದು ಕಂಪ್ಯೂಟರನ್ನು ಮನೆಯಲ್ಲಿಟ್ಟು ಕಾಪಾಡುವ ಹೊಣೆ ನನ್ನ ಪಾಲಿಗೆ ಬಂತು. ಆಟೋದಲ್ಲಿ ಹಸುಗೂಸನ್ನು ತರುವಂತೆ ತಂದು ಊಟದ ಮೇಜಿನ ಮೇಲಿಟ್ಟೆ. ಸ್ಟವ್‌ಗೆ ಬೆನ್ನು ಮಾಡಿ. ಸಹೋದ್ಯೋಗಿ ಶೇಖರ ಒಂದು ಫ್ಲಾಪಿಯನ್ನೂ ಕೊಟ್ಟಿದ್ದ, ಅದರೊಳಗೊಂದು ಆಟ. ನಾವು ಒಬ್ಬ ವೀರನಾಗಿ ಗುಹೆಯೊಳಗೆ ಹೋಗಬೇಕು, ರಾಕ್ಷಸ ಎದುರಾಗುತ್ತಾನೆ, ಯುದ್ಧ. ಆದರೆ ಎಂಥ ಯುದ್ಧ! ನಾವೊಂದು ಏಟು ಕೊಟ್ಟ ಮೇಲೆ ಅವನದೊಂದು ಏಟು, ಆಮೇಲೆ ಮತ್ತೆ ನಮ್ಮ ಸರದಿ. ನಾವು ಕಾಫಿ ಕುಡಿದು ಬರುವ ತನಕ ಗದೆ ಎತ್ತಿಕೊಂಡು ಕಾಯುತ್ತಾ ನಿಂತಿರುತ್ತಾನೆ. ಅಷ್ಟು ಸಭ್ಯ ಗೃಹಸ್ಥನನ್ನು ನಾನು ಲೋಕಲ್ ಟ್ರೇನಿನಲ್ಲಾಗಲಿ, ನನ್ನ ಮನೆಯಲ್ಲಾಗಲಿ ಕಂಡಿರಲಿಲ್ಲ.

ಕೀಲಿಮಣೆಯ ಮುಂದೆ ಕೂತವಳು ನನ್ನ ಮಗಳು ಶಾಮಲಾ. ಕಾಲೇಜು ಓದುತ್ತಾಳೆ, ಅವಳ ಕನ್ನಡ ಮನೆಯಿಂದ ಹೊರಟು ಬಾಂದ್ರಾ ತಲುಪುವುದರೊಳಗೆ ಹಿಂದಿಯಾಗಿರುತ್ತದೆ.

“ಅಪ್ಪಾ, ಪಹಲೇ ಸ್ಕಿಲ್ಸ್ ಚೂಸ್ ಮಾಡ್ಬೇಕು,” ಎಂದಳು.

ಹತ್ತು ಅಂಕ ಕೊಡುತ್ತಾರಂತೆ. ಕತ್ತಿ, ಗುರಾಣಿ, ಮಂತ್ರ, ವಾಕ್ಚಾತುರ್ಯ ಎಂಬ ವಿದ್ಯೆಗಳಿಗೆ ಅವನ್ನು ಹಂಚಬೇಕು. ಒಮ್ಮೆ ಹಂಚಿದರೆ ಮುಗಿಯಿತು, ಮದುವೆಯ ಹಾಗೆ. ಎಲ್ಲಕ್ಕಿಂತ ಕೆಳಗೆ, ಬೇಕಾದರೆ ತಗೊಳ್ಳಿ ಎಂಬಂತೆ, ‘ಕಾಯುವುದು’ ಎಂಬ ಇನ್ನೊಂದು ವಿದ್ಯೆಯಿತ್ತು.

“ಇದೇನೇ?”

“ಅದ್ರಲ್ಲಿ ನಮ್ಮ ಟರ್ನ್ ಬಿಟ್ಟುಕೊಡೋದು. ಕುಛ್ ನಹೀ ಕರನೇ ಕಾ. ಅವನು ಹೊಡ್ದು ಹೊಡ್ದು ಥಕ್ ಜಾತಾ ಹೈ, ಸುಸ್ತಾಗ್ಬಿಡ್ತಾನೆ.”

“ಸುಮ್ಮನಿರೋದೂ ಒಂದು ವಿದ್ಯೆಯೇ?” ಎಂದು ನಕ್ಕೆ. ವಾಕ್ಚಾತುರ್ಯಕ್ಕೆ ಏಳು ಅಂಕ, ಕತ್ತಿಗೆ ಮೂರು. ವೀರ ನಂಜುಂಡ ಗುಹೆ ಹೊಕ್ಕ. ರಾಕ್ಷಸ ಬಂದ. ನಾನು ಸಂಧಾನದ ಮಾತಾಡಿದೆ. ಅವನು ಗದೆಯಿಂದ ಹೊಡೆದ. ನೀತಿಯ ಮಾತಾಡಿದೆ, ಮತ್ತೆ ಹೊಡೆದ. ಕತ್ತಿ ಹಿರಿಯೋಣವೆನ್ನುವಷ್ಟರಲ್ಲಿ, ನಾನು ಮಡಿದೆನೆಂಬ ಸುದ್ದಿ ಹಸಿರು ಅಕ್ಷರಗಳಲ್ಲಿ ಮೂಡಿತು.

“ರಾಕ್ಷಸನಿಗೆ ನಿಮ್ಮ ಮಾತು ಅರ್ಥವಾಗ್ಲಿಲ್ಲ ಅನ್ಸತ್ತೆ,” ಎಂದಳು ಪಂಕಜಾ, ಸ್ಟವ್ ಪಕ್ಕದಲ್ಲಿ ಹುರುಳಿಕಾಯಿ ಹೆಚ್ಚುತ್ತ. “ಅರ್ಥವಾಗಿದ್ರೆ ಗೋಳಿಬಜೆ ಕೊಟ್ಟು ಕಳಿಸ್ತಿದ್ದ.”

ಆಮೇಲೆ ಮಗಳತ್ತ ತಿರುಗಿದಳು. “ಶಾಮೂ, ನಂದೊಂದು ಹಾಕು. ಹತ್ತೂ ಅಂಕ ಆ ಕೊನೇದಕ್ಕೆ.”

“ಹತ್ತೂ?” ಎಂದೆ. “ಕೈಯಲ್ಲಿ ಒಂದು ಸೌಟಾದರೂ ಬೇಡವೇನೇ?”

“ಇಪ್ಪತ್ತು ವರ್ಷ ಮಾತಾಡಿ ನೋಡಾಯ್ತಲ್ಲ,” ಎಂದಳು.

ರಾಕ್ಷಸ ಬಂದ. ಪ್ರತಿ ಸರದಿಗೂ ಪಂಕಜಾ ತಲೆಯೆತ್ತದೆ “ಬಿಡು” ಎನ್ನುತ್ತಿದ್ದಳು, ಒಂದು ಹುರುಳಿಕಾಯಿ ತುಂಡಾಗುತ್ತಿತ್ತು. ಅವನು ಹೊಡೆದ, ತಪ್ಪಿದ, ಮತ್ತೆ ಹೊಡೆದ, ಏದುಸಿರು ಬಿಟ್ಟ. ಬುಟ್ಟಿ ಬರಿದಾಗುವ ಹೊತ್ತಿಗೆ ಗದೆ ಕೆಳಗಿಟ್ಟು ಕೂತುಬಿಟ್ಟ.

“ಅಮ್ಮ ಜೀತ್ ಗಯೀ,” ಎಂದಳು ಶಾಮಲಾ.

ಪಂಕಜಾ ಪರದೆಯನ್ನು ನೋಡಲಿಲ್ಲ. ತಲೆಯೆತ್ತಿ ಛಾವಣಿಯನ್ನು ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ತುಂಬಿದ ಬಕೆಟ್ಟನ್ನು ಎತ್ತಿಕೊಂಡು ಅವಳೇ ಮೇಲೆ ಹತ್ತಿದಳು. ಸೇನಾಪತಿಯಾಗಿ ನಾನು ಹಿಂದೆ ಇದ್ದೆ.

“ಬನ್ನಿ ಅಕ್ಕ, ಬನ್ನಿ. ಎಂತ, ಗಂಗೆಯನ್ನೇ ಹೊತ್ತು ತಂದದ್ದಾ?” ಎಂದರು ರಮಾನಾಥರು.

ಪಂಕಜಾ ಬಕೆಟ್ಟನ್ನು ಅವರ ಹಾಲ್‌ನ ನಡುವೆ ಇಟ್ಟಳು. ಕುರ್ಚಿಯಲ್ಲಿ ಕೂತಳು. ಕೈ ಕಟ್ಟಿಕೊಂಡಳು.

“ಕಟ್ಟಡ ಹಳತಾಯ್ತು ನೋಡಿ. ಒಂಬತ್ತು ಬಾಗಿಲಿನ ಈ ದೇಹವೇ ಸೋರ್ತದೆ, ಇನ್ನು ಸಿಮೆಂಟು ಯಾವ ಲೆಕ್ಕ?”

ಪಂಕಜಾ ಅವರನ್ನೇ ನೋಡುತ್ತಿದ್ದಳು.

“ಅದಕ್ಕೆ ನಾನೇ ಹೊಣೆ ಅಂತ ನೀವು ಹೇಳ್ಬಹುದು.”

ಅವಳು ಹೇಳಲಿಲ್ಲ.

“ಹೇಳಿದ್ರೆ ನಾನು ಉತ್ತರ ಕೊಡ್ತಿದ್ದೆ,” ಎಂದರು ರಮಾನಾಥರು. ದನಿಯಲ್ಲಿ ಸ್ವಲ್ಪ ದೈನ್ಯವಿತ್ತು.

ಆ ಮೌನದ ಭಾರ ನನಗೆ ತಡೆಯಲಾಗಲಿಲ್ಲ. “ಛೆ ಛೆ, ಅಷ್ಟೇನೂ ತೊಂದರೆ ಇಲ್ಲ ಬಿಡಿ, ಬಕೆಟ್ ಇಟ್ಟಿದ್ದೀವಿ,” ಎಂದುಬಿಟ್ಟೆ. ಪಂಕಜಾಳ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಇಳಿಯಿತು. ಆ ಯುದ್ಧದಲ್ಲಿ ಅವಳು ಪ್ರಯೋಗಿಸಿದ ಏಕೈಕ ಆಯುಧ ಅದು, ಬಿದ್ದದ್ದು ಸ್ವಪಕ್ಷದ ಮೇಲೆ.

ತಾಳಮದ್ದಳೆಯಲ್ಲಿ ಪಾತ್ರದ ಮಾತಿಗೆ ‘ಅರ್ಥ’ ಎನ್ನುತ್ತಾರೆ; ಅರ್ಥ ಹೇಳುವ ಕಲಾವಿದನಿಗೆ ಎದುರು ಮಾತೇ ಉಸಿರು. ಕರ್ಣ ಬಾಯಿ ಬಿಡದಿದ್ದರೆ ಕೃಷ್ಣ ಮುಂದೆ ಹೋಗುವುದು ಹೇಗೆ? ರಮಾನಾಥರು ಶಲ್ಯ ಸರಿಪಡಿಸಿಕೊಂಡರು, ಕೆಮ್ಮಿದರು, ಬಕೆಟ್ಟಿಗೊಂದು ಸುತ್ತು ಬಂದರು. ಕೊನೆಗೆ, “ಸರಿ, ನಿಮ್ಮ ಕಡೆಯದ್ದೂ ನಾನೇ ಹೇಳ್ತೇನೆ,” ಎಂದು ಪಂಕಜಾಳ ಪಕ್ಕದ ಕುರ್ಚಿಯಲ್ಲಿ ಕೂತು, ತಮ್ಮದೇ ಖಾಲಿ ಕುರ್ಚಿಯತ್ತ ಬೆರಳು ತೋರಿಸಿ ಗುಡುಗಿದರು:

“ಎಲಾ ರಮಾನಾಥಾ! ಊರಿಗೆಲ್ಲ ಅನ್ನ ಹಾಕುವವನೆಂದು ಬೀಗುತ್ತಿರುವೆಯಲ್ಲ, ನಿನ್ನ ಮೈತೊಳೆದ ನೀರು ಒಬ್ಬ ಗೃಹಿಣಿಯ ಅನ್ನದ ಪಾತ್ರೆಗೆ ಬೀಳುತ್ತಿರುವಾಗ ಧರ್ಮ ಎಂಬ ಶಬ್ದ ನಿನ್ನ ನಾಲಿಗೆಗೆ ಹೇಗೆ ಬಂತು?”

ನನಗೆ ರೋಮಾಂಚನವಾಯಿತು. ರಮಾನಾಥರು ಎದ್ದು ತಮ್ಮ ಕುರ್ಚಿಗೆ ಹೋಗಿ ಕೂತರು. ಉತ್ತರಕ್ಕೆಂದು ಬಾಯಿ ತೆರೆದರು. ಹಾಗೆಯೇ ಮುಚ್ಚಿದರು.

“ಈಗ ಎಂತ ಹೇಳ್ತೀರಿ?” ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ವಿನೋದಿನಿ.

“ಎಂತ ಹೇಳುವುದು? ನಾಳೆಯೇ ಪ್ಲಂಬರ್‌ಗೆ ಹೇಳುವುದು.”

ಬಚ್ಚಲ ನೆಲ ಅಗೆದು ಪೈಪು ಬದಲಾಯಿಸಿದರು. ಛಾವಣಿ ಒಣಗಿತು, ಸ್ಟವ್ ಸ್ವಸ್ಥಾನ ಸೇರಿತು, ಕಂಪ್ಯೂಟರೂ ಆಫೀಸಿಗೆ ಮರಳಿತು. ಆ ವಿದ್ಯೆ ಮಾತ್ರ ಮನೆಯಲ್ಲೇ ಉಳಿಯಿತು.

ಯುಗಾದಿಯ ಮಧ್ಯಾಹ್ನ ಮೊದಲನೆಯ ಒಬ್ಬಟ್ಟು ಮುರಿದು, “ಸಿಹಿ ಸ್ವಲ್ಪ ಮುಂದಾಯ್ತೇನೋ,” ಎಂದೆ. ಹಿಂದೆಲ್ಲ ಅಷ್ಟು ಸಾಕಾಗಿತ್ತು, ಮೂರು ಕೂಗಿನ ಜಗಳಕ್ಕೆ. ಪಂಕಜಾ ತುಪ್ಪ ಬಡಿಸಿದಳು. ಕಾದೆ. ಅವಳು ಕೋಸಂಬರಿ ಬಡಿಸಿದಳು.

“ಅಂದ್ರೆ, ಬಹಳವೇನಲ್ಲ,” ಎಂದೆ.

ಅವಳು ಅನ್ನ ಬಡಿಸಿದಳು.

“ಬೆಲ್ಲ ತಂದವನು ನಾನೇ ಅಲ್ವಾ.”

ಶಾಮಲಾ ತಟ್ಟೆಯೊಳಗೆ ನಗುತ್ತಿದ್ದಳು.

“ಬೆಳಗಿನಿಂದ ಕಾವಲಿ ಮುಂದೆ ಬೆಂದವಳು ನೀನು. ಪೇಪರ್ ಓದ್ತಾ ಕೂತವನಿಗೆ ಹೂರಣದ ವಿಷಯದಲ್ಲಿ ಬಾಯಿ ಹಾಕೋಕೆ ಏನು ಹಕ್ಕು?” ಯಾರದೀ ಕಂಠ ಎಂದು ನೋಡಿದರೆ ನನ್ನದೇ. ತೀರ್ಪನ್ನೂ ನಾನೇ ಓದಿದೆ. “ಇವತ್ತು ಪಾತ್ರೆ ನಾನು ತೊಳೀತೀನಿ.”

ತೊಳೆಯುತ್ತಿದ್ದಾಗ ಛಾವಣಿ ನೋಡಿಹೋಗಲು ರಮಾನಾಥರು ಬಂದರು. ಮೇಲೆ ನೋಡಿದರು, ಒಣಗಿತ್ತು. ಮೊಣಕೈ ತನಕ ನೊರೆಯಾಗಿದ್ದ ನನ್ನನ್ನು ನೋಡಿದರು.

“ಎಂತ ಮಾರಾಯ್ರೆ, ಇಲ್ಲಿಯೂ ಎರಡೂ ಕಡೆಯ ಅರ್ಥ ಒಬ್ಬರದ್ದೇ ಆಯ್ತಾ?”

ಈ ಸಲ ಸೋಲಬಾರದು, ಆ ವಿದ್ಯೆಯನ್ನು ನಾನೂ ಪ್ರಯೋಗಿಸಬೇಕೆಂದು ಬಾಯಿ ಬಿಗಿಹಿಡಿದೆ. ಪೆಟ್ಟು ತಿಂದು ಕಲಿತಿದ್ದ ಅವರೂ ಸುಮ್ಮನೆ ನಿಂತರು. ಒಂದು ತಪ್ಪಲೆ ತೊಳೆದಾಯಿತು. ಎರಡನೆಯದು ಅರ್ಧಕ್ಕೆ ಬಂದಾಗ, “ಕೂತ್ಕೊಳ್ಳಿ, ಕಾಫಿ ಮಾಡ್ತೀನಿ,” ಎಂದೆ.

“ರೀ, ಹಾಗೇ ನಮಗೂ ಎರಡು ಲೋಟ,” ಎಂದು ಹಾಲ್‌ನಿಂದ ಪಂಕಜಾಳ ದನಿ ಬಂತು.

ಊಟವಾದ ಮೇಲೆ ಅವಳಾಡಿದ ಮೊದಲ ಮಾತು. ಆ ಸಂತೋಷಕ್ಕೆ ಅವಳ ಲೋಟಕ್ಕೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಸುರಿದು, ಕೊಟ್ಟು, ಮುಂದೆಯೇ ನಿಂತೆ. ಸಿಹಿ ಮುಂದಾಯಿತು ಎಂದು ಒಂದು ಮಾತು ಅನ್ನಲಿ ಎಂದು ಕಾದೆ. ಪಂಕಜಾ ಕೊನೆಯ ಗುಟುಕಿನ ತನಕ ಕುಡಿದಳು. ಎದ್ದು ಹೋಗಿ, ಲೋಟವನ್ನು ನಾನು ತೊಳೆಯಬೇಕಾಗಿದ್ದ ಪಾತ್ರೆಗಳ ಜೊತೆ ಇಟ್ಟಳು.