ಕಿಲಿಮಾನಿಯಲ್ಲೊಬ್ಬ ಹಿಮದ ಮೇಷ್ಟ್ರು

ಸಮಭಾಜಕ ವೃತ್ತದ ಮಗ್ಗುಲಲ್ಲೇ ಮನೆ ಮಾಡಿಕೊಂಡು, ಹಿಮದ ಮೇಲೆ ಜಾರುವುದನ್ನು ಕಲಿಸುವ ಲೈಸೆನ್ಸನ್ನು ಇವತ್ತಿಗೂ ಸಾಯಗೊಡದೆ ಕಾಪಾಡಿಕೊಂಡಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಸ್ವಂತ ಅಕ್ಕನ ಗಂಡ. ಇದು ನನ್ನ ಹೆಮ್ಮೆಯೋ ಗ್ರಹಚಾರವೋ, ಇನ್ನೂ ತೀರ್ಮಾನವಾಗಿಲ್ಲ!

ನೀವು ನಗುತ್ತೀರಿ, ಗೊತ್ತು. ನೈರೋಬಿಯಲ್ಲಿ ಹಿಮ ಎಲ್ಲಿದೆ? ಫ್ರಿಜ್ಜಿನ ಮೇಲಿನ ಅರೆಯಲ್ಲಿದೆ. ಮೌಂಟ್ ಕೆನ್ಯಾದ ನೆತ್ತಿಯ ಮೇಲೆ ಒಂಚೂರು ಉಳಿದಿದೆಯಂತೆ. ಮೋಡವಿಲ್ಲದ ಬೆಳಗ್ಗೆ ಭಾವ ಇಲ್ಲಿನ ಕಿಲಿಮಾನಿ ಬಡಾವಣೆಯ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು, ಕಟ್ಟುತ್ತಿರುವ ಕಟ್ಟಡಗಳ ಕ್ರೇನುಗಳ ಸಂದಿಯಲ್ಲಿ ಅದನ್ನು ಹುಡುಕುತ್ತಾರೆ. ಒಮ್ಮೊಮ್ಮೆ ಸಿಕ್ಕಿತು ಅನ್ನುತ್ತಾರೆ. ನಾನು ಎಷ್ಟು ನೋಡಿದರೂ ನನಗೆ ಕ್ರೇನೇ ಕಾಣುತ್ತದೆ.

ಭಾವ ಹುಟ್ಟಿದ್ದು ಚಳ್ಳಕೆರೆಯಲ್ಲಿ. ಅವಸರದಲ್ಲಿ ಓದಿದರೆ ಚಳಿಕೆರೆ ಅನ್ನಿಸಿ ಮೋಸ ಹೋಗಬೇಡಿ. ಹೆಸರಿನಲ್ಲಿ ಎಷ್ಟು ಚಳಿ ಇದೆಯೋ ಅಷ್ಟೇ, ಉಳಿದದ್ದೆಲ್ಲ ಬಿಸಿಲು. ಎಣ್ಣೆ ಮಿಲ್ಲುಗಳ ಊರು. ಜಾರುವ ಕಲೆಯ ಮೊದಲ ಪಾಠ ಅಲ್ಲಿನ ಎಣ್ಣೆ ಚೆಲ್ಲಿದ ರಸ್ತೆಯಲ್ಲೇ ಆಗಿರಬೇಕು ಎಂಬುದು ನನ್ನ ಅನುಮಾನ. ಕಾಲೇಜಿನಲ್ಲಿದ್ದಾಗ ಒಂದು ಚಾರಣದ ಕ್ಯಾಂಪಿಗೆಂದು ಹಿಮಾಚಲಕ್ಕೆ ಹೋದವರು, ಅಲ್ಲಿ ಜನ ಕಾಲಿಗೆ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಇಳಿಯುವುದನ್ನು ನೋಡಿ, ಡಿಗ್ರಿಯನ್ನು ಅರ್ಧಕ್ಕೇ ಬಿಟ್ಟು ಅಲ್ಲಿಯೇ ನಿಂತುಬಿಟ್ಟರು. ಕಲಿತರು, ಪರೀಕ್ಷೆ ಪಾಸು ಮಾಡಿದರು, ಸ್ಕೀ ಕಲಿಸುವ ಮೇಷ್ಟ್ರಾದರು.

ನಮ್ಮಕ್ಕ ಅವರಿಗೆ ಸಿಕ್ಕಿದ್ದು ಹೀಗೆ. ಬೆಂಗಳೂರಿನ ಟೆಲಿಕಾಂ ಕಂಪನಿಯ ಗುಂಪಿನ ಜೊತೆ ಪ್ರವಾಸ ಹೋಗಿದ್ದಳು. ಇಳಿಜಾರಿನಲ್ಲಿ ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ ಬಿದ್ದಳು. ಬೀಳುವಾಗ "ಅಯ್ಯಯ್ಯಪ್ಪಾ, ಸತ್ತೆ ಕಣ್ರೋ!" ಎಂದು ಕಿರುಚಿದಳು. ಮೇಲಿನಿಂದ ಮೇಷ್ಟ್ರ ದನಿ ಕೇಳಿತು: "ಸಾಯಲ್ಲ ಕಣಮ್ಮ, ಮೊಣಕಾಲು ಮಡಚು!"

ಅಷ್ಟು ಸಾವಿರ ಅಡಿ ಎತ್ತರದಲ್ಲಿ ಕನ್ನಡ ಕೇಳಿದರೆ ಯಾವ ಹೆಣ್ಣು ಬೇಡ ಅಂದಾಳು? ಮದುವೆಯಾಯಿತು. ಆದರೆ ಎಂಥ ಸಂಸಾರ! ಚಳಿಗಾಲವೆಲ್ಲ ಭಾವ ಬೆಟ್ಟದಲ್ಲಿ, ಅಕ್ಕ ಬೆಂಗಳೂರಿನಲ್ಲಿ. ಬೇಸಿಗೆಗೆ ಹಿಮ ಕರಗಿದ ಮೇಲೆ ಗಂಡ ಮನೆಗೆ ಬರುವುದು. ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ.

ಅಕ್ಕನಿಗೆ ನೈರೋಬಿಗೆ ವರ್ಗವಾದಾಗ ಭಾವ ದೊಡ್ಡ ಮನಸ್ಸು ಮಾಡಿದರು. "ಇಷ್ಟು ವರ್ಷ ಅರ್ಧರ್ಧ ಸಂಸಾರ ಮಾಡಿದ್ದಾಯ್ತು. ಇನ್ನು ಪೂರ್ತಿ ಮಾಡೋಣ" ಎಂದು ಸಾಮಾನು ಕಟ್ಟಿಕೊಂಡು ಬಂದರು. ಪೂರ್ತಿ ಮಾಡಲು ಹೆಂಡತಿ ಮನೆಯಲ್ಲಿರಬೇಕಲ್ಲ! ಅಕ್ಕನ ಕೆಲಸ ಅರ್ಧ ಆಫ್ರಿಕಾಕ್ಕೆ ಹರಡಿಕೊಂಡಿದೆ. ಸೋಮವಾರ ಕಂಪಾಲಾ, ಬುಧವಾರ ಲುಸಾಕಾ. ದಿನಾ ಯಾವುದೋ ಏರ್‌ಪೋರ್ಟಿನಿಂದ ಫೋನು ಬರುತ್ತದೆ.

"ರೀ, ಊಟ ಆಯ್ತಾ?"

"ಆಯ್ತು. ನಿಂದು?"

"ಪ್ಲೇನಲ್ಲಿ ಕೊಡ್ತಾರೆ. ಬೋರ್ಡಿಂಗ್ ಕರೀತಿದಾರೆ, ಇಡ್ಲಾ?"

"ಇಡು."

ಭಾವನಿಗೆ ಇಲ್ಲಿ ಸಿಕ್ಕಿರುವುದು ಹೆಂಡತಿಯನ್ನು ಅವಲಂಬಿಸಿದವರಿಗೆ ಕೊಡುವ ಪಾಸು. ಅದರಲ್ಲಿ ಕೆಲಸ ಮಾಡುವಂತಿಲ್ಲ. "ಮಾಡಬಹುದು ಅಂದ್ರೂ ಯಾವ ಕೆಲಸ ಮಾಡ್ತಿದ್ರಿ ಭಾವ?" ಎಂದು ಕೇಳಿದೆ. "ಅದೂ ನಿಜವೇ" ಎಂದು ಬಹಳ ಹೊತ್ತು ಯೋಚಿಸಿದರು.

ಆದರೂ ಅವರು ಸುಮ್ಮನೆ ಕೂತವರಲ್ಲ. ಡಾಕ್ಟರುಗಳ ಹಾಗೆ ಸ್ಕೀ ಮೇಷ್ಟ್ರುಗಳೂ ಕಲಿಯುತ್ತಲೇ ಇರಬೇಕಂತೆ. ಸಂಘದವರು ನಡೆಸುವ ತರಬೇತಿಗಳಿಗೆ ಕೂತು, ಆಗಾಗ ಪರೀಕ್ಷೆ ಕೊಟ್ಟರೆ ಮಾತ್ರ ಲೈಸೆನ್ಸು ಊರ್ಜಿತ. ಈಗೆಲ್ಲ ಕಂಪ್ಯೂಟರಿನಲ್ಲೇ ಕ್ಲಾಸು. ಹಿಮ ಕುಸಿಯುವ ಮುನ್ನ ಗುರುತು ಹಿಡಿಯುವುದು ಹೇಗೆ, ಹೆದರಿದ ವಿದ್ಯಾರ್ಥಿಯ ಹತ್ತಿರ ಮಾತಾಡುವುದು ಹೇಗೆ, ಇಂಥವು. ನಾನು ಇದೇ ಊರಿನ ಹೈರಿಡ್ಜ್‌ನಲ್ಲಿ ಒಬ್ಬನೇ ರೂಮು ಮಾಡಿಕೊಂಡು ಔಷಧಿ ಕಾರ್ಖಾನೆಯಲ್ಲಿ ದುಡಿಯುವವನು. ರಜೆಯ ದಿನ ಭಾವನ ಕೈಯಡುಗೆಯ ಆಸೆಗೆ ಕಿಲಿಮಾನಿಗೆ ಹೋಗುತ್ತೇನೆ. ಹೋದಾಗಲೆಲ್ಲ ಕ್ಲಾಸು! ಜನವರಿಯ ಉರಿಬಿಸಿಲಲ್ಲಿ ಭಾವ ದಪ್ಪ ಜಾಕೀಟು, ಉಣ್ಣೆ ಟೋಪಿ ಹಾಕಿ, ಕೊರಳಲ್ಲಿ ಕಪ್ಪು ಕನ್ನಡಕ ನೇತುಹಾಕಿಕೊಂಡು ಊಟದ ಟೇಬಲ್ಲಿನ ಮುಂದೆ ಶಿಸ್ತಾಗಿ ಕೂತಿರುತ್ತಾರೆ. ಕೆಳಗೆ ಮಾತ್ರ ಪಂಚೆ.

"ಜಾಕೀಟು ಯಾಕೆ ಭಾವ?"

"ಎಲ್ಲರೂ ಹಾಕ್ಕೊಂಡಿರ್ತಾರಪ್ಪ. ನಾನೊಬ್ಬನೇ ಬನೀನಲ್ಲಿ ಕೂತರೆ ಚೆನ್ನಾಗಿರುತ್ತಾ?"

ಮನೆಗೆಲಸಕ್ಕೆ ಬರುವ ವಂಜೀರು ಮೊದಲ ಸಲ ಈ ವೇಷ ನೋಡಿ ಗಾಬರಿಯಾಗಿದ್ದಳು. ಯಜಮಾನರಿಗೆ ಮಲೇರಿಯಾ ಚಳಿ ಬಂದಿದೆ ಎಂದು ತಿಳಿದು, "ಪೋಲೆ, ಪೋಲೆ" ಎಂದು ಮರುಗುತ್ತಾ, ಶುಂಠಿ ಚಹಾ ಮಾಡಿ ತಂದು ಹೆಗಲ ಮೇಲೆ ಒಂದು ಕಂಬಳಿಯನ್ನೂ ಹೊದಿಸಿದಳು. ಹಿಮಾಚಲದಲ್ಲಿದ್ದ ಬೇರೆ ಮೇಷ್ಟ್ರುಗಳು ಅದನ್ನು ನೋಡಿ, "ಆಫ್ರಿಕಾದಲ್ಲಿ ಈ ಸಲ ಭಾರಿ ಚಳಿಯೇನು ಸಾರ್?" ಎಂದು ಕೇಳಿದರಂತೆ. ಭಾವ "ಪರವಾಗಿಲ್ಲ, ತಡ್ಕೋಬಹುದು" ಅಂದರಂತೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು!

ಬರೀ ಕೂತು ಕೇಳಿದರೆ ಕಾಲು ಮರೆಯುತ್ತದೆ ಎಂದು ಚಕ್ರವಿರುವ ಸ್ಕೀ ಒಂದು ಜೊತೆ ತರಿಸಿಕೊಂಡರು. ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಕಾರು ಇಳಿಯುವ ಇಳಿಜಾರೇ ಅವರ ಹಿಮಾಲಯ. ಒಂದು ಬೆಳಗ್ಗೆ ಮೇಲಿನಿಂದ ಇವರು ಬಿಟ್ಟ ಬಾಣದ ಹಾಗೆ ಬರುವುದಕ್ಕೂ, ಕೆಳಗಿನಿಂದ ಪಕ್ಕದ ಮನೆಯಾಕೆಯ ಕಾರು ಹೊರಡುವುದಕ್ಕೂ ಸರಿಹೋಯಿತು. ಭಾವ ಸರಕ್ಕನೆ ಪಕ್ಕಕ್ಕೆ ತಿರುಗಿ, ಕಸದ ಡಬ್ಬಗಳ ಸಾಲನ್ನು ಉರುಳಿಸಿ, ಕಾವಲುಗಾರನ ತೊಡೆಯ ಮೇಲೆ ಕೂತರು. ಮಾರನೆಯ ದಿನ ಲಿಫ್ಟಿನಲ್ಲಿ ನೋಟೀಸು: ಇಳಿಜಾರಿನಲ್ಲಿ ಆಟವಾಡದಂತೆ ನಿವಾಸಿಗಳು ತಮ್ಮ ಮಕ್ಕಳಿಗೆ ಬುದ್ಧಿ ಹೇಳತಕ್ಕದ್ದು. ಐವತ್ತು ದಾಟಿದ ಭಾವ ಅದನ್ನು ಓದಿ, "ಪಾಪ, ಯಾರ ಮಕ್ಕಳೋ" ಎಂದು ಮರುಗಿದರು.

ಇನ್ನು ನಮ್ಮ ಕನ್ನಡದವರ ಊಟದ ಕೂಟದ ಕಥೆ. ಎಲ್ಲರೂ ಬ್ಯಾಂಕು, ಐಟಿ, ಕಾರ್ಖಾನೆಯವರು. ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ, "ನೀವೇನ್ ಮಾಡ್ಕೊಂಡಿದೀರಿ ಸಾರ್?" ಭಾವ ತಟ್ಟೆಯಲ್ಲಿ ಪುಳಿಯೋಗರೆ ಹಿಡಿದು ಗಂಭೀರವಾಗಿ, "ಸ್ಕೀ ಸ್ಪೆಷಲಿಸ್ಟು" ಅಂದರು. ಗದ್ದಲದಲ್ಲಿ ಕೇಳಿದವರಿಗೆ ಅದು ಸ್ಕಿನ್ ಸ್ಪೆಷಲಿಸ್ಟ್ ಎಂದು ಕೇಳಿಸಿರಬೇಕು. ಆ ಮಹಾನುಭಾವರು ಅಲ್ಲೇ ಶರ್ಟಿನ ತೋಳು ಮಡಚಿ, "ನೋಡಿ ಸಾರ್, ಇಲ್ಲಿಗೆ ಬಂದಾಗಿನಿಂದ ಇದೊಂದು ತುರಿಕೆ" ಎಂದು ಮೊಣಕೈ ಮುಂದೆ ಹಿಡಿದರು. ಭಾವ ಇಲ್ಲ ಅನ್ನಲು ಬಾಯಿ ತೆರೆದರು. ಆದರೆ ಈ ಊರಿಗೆ ಬಂದ ಮೇಲೆ ಯಾರೂ ಅವರನ್ನು ಅಷ್ಟು ನಂಬಿಕೆಯಿಂದ ಏನನ್ನೂ ಕೇಳಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ನೋಡಿ, "ಗಾಳಿ ಒಣ ಅಲ್ವಾ, ಸ್ನಾನ ಆದ ತಕ್ಷಣ ಕೊಬ್ಬರಿ ಎಣ್ಣೆ ಹಚ್ಚಿ" ಅಂದರು. ವಾಸಿಯಾಗಿಬಿಟ್ಟಿತು! ಮುಂದಿನ ಕೂಟದಲ್ಲಿ ನಾಲ್ಕಾರು ಜನ ತೋಳು ಮಡಚಿಕೊಂಡೇ ಬಂದಿದ್ದರು. ಸತ್ಯ ಗೊತ್ತಾದ ಮೇಲೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಭಾವನೂ ನಕ್ಕರು. ಅದಾದ ಮೇಲೆ ಕೂಟಗಳಿಗೆ ಬರುವುದನ್ನು ಕಡಿಮೆ ಮಾಡಿದರು. ಕರೆದರೆ, "ಇವತ್ತು ಕ್ಲಾಸಿದೆಯಪ್ಪ" ಅನ್ನುತ್ತಿದ್ದರು.

ಈ ವರ್ಷ ಸ್ಕೀ ಸಂಘದವರು ಹೊಸ ನಿಯಮ ತಂದರು. ಬರೀ ಕ್ಲಾಸಿಗೆ ಕೂತರೆ ಸಾಲದು. ಏನೂ ಬಾರದ ಒಬ್ಬ ವಿದ್ಯಾರ್ಥಿಗೆ ಪಾಠ ಮಾಡಿ ತೋರಿಸಬೇಕು, ಪರೀಕ್ಷಕರು ವಿಡಿಯೋ ಕರೆಯಲ್ಲಿ ನೋಡುತ್ತಾರೆ. ಹೊರದೇಶದಲ್ಲಿರುವವರು ಹಿಮದ ಬದಲು ಹುಲ್ಲಿನ ಮೇಲೆ ಮಾಡಬಹುದು. ಇಲ್ಲದಿದ್ದರೆ ಲೈಸೆನ್ಸು ರದ್ದು. ಆ ವಾರ ಭಾವ ಸಾರಿಗೆ ಉಪ್ಪು ಹಾಕುವುದನ್ನೇ ಮರೆತರು.

"ವಿದ್ಯಾರ್ಥಿ ಎಲ್ಲಿಂದ ತರಲಿ?" ಎಂದು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

"ಏನೂ ಬಾರದವನು ಬೇಕಂತೆ" ಎಂದು ಮತ್ತೆ ನನ್ನನ್ನೇ ನೋಡಿದರು. ಇಂಥ ಅರ್ಹತೆ ನನಗಿರುವಾಗ ತಪ್ಪಿಸಿಕೊಳ್ಳುವುದು ಹೇಗೆ?

ಊರಂಚಿನ ಕರೆನ್ ಬಡಾವಣೆಯಲ್ಲಿ ನಮ್ಮ ಕಾರ್ಖಾನೆಯ ಮ್ಯಾನೇಜರರ ಮನೆಗೆ ದೊಡ್ಡ ತೋಟವಿದೆ, ತೋಟದ ಹಿಂದೆ ಹುಲ್ಲಿನ ಇಳಿಜಾರಿದೆ. ಅವರು ರಜೆಯ ಮೇಲೆ ಊರಿಗೆ ಹೋಗಿದ್ದರು. ಅಪ್ಪಣೆ ಕೇಳಿ ಒಂದು ಭಾನುವಾರ ಅಲ್ಲಿಗೆ ಹೋದೆವು. ಅಕ್ಕ ಲುಸಾಕಾದಲ್ಲಿದ್ದಳು. ಭಾವ ಹೊಸದಾಗಿ ತರಿಸಿದ್ದ, ಹುಲ್ಲಿನ ಮೇಲೆ ಓಡುವ ಸ್ಕೀ ಎಂದರೆ ಬುಲ್‌ಡೋಜರಿನ ಮರಿಯನ್ನು ಕಾಲಿಗೆ ಕಟ್ಟಿದಂತೆ, ತಳದಲ್ಲಿ ಉರುಳುವ ಪಟ್ಟಿ. ನನ್ನನ್ನು ಮೇಲೆ ನಿಲ್ಲಿಸಿ, ಭಾವ ಫೋನನ್ನು ಕುರ್ಚಿಗೆ ಒರಗಿಸಿಟ್ಟರು. ಪರದೆಯಲ್ಲಿ ಪರೀಕ್ಷಕಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೆನ್ನೆ ಚಳಿಗೆ ಕೆಂಪಾಗಿತ್ತು. ಅವಳು ಮಾತಾಡಿದ್ದು ಹಿಂದಿಯಲ್ಲಿ, ನಾನು ಕನ್ನಡದಲ್ಲಿ ಹೇಳುತ್ತೇನೆ.

"ಶುರು ಮಾಡಿ ಸಾರ್."

ಶುರುವಾದದ್ದೇ ತಡ, ನನ್ನ ಭಾವ ಮಾಯವಾದರು! ಪಂಚೆಯ ಮೇಲೆ ಜಾಕೀಟು ಹಾಕುವ ಮನುಷ್ಯ ಅಲ್ಲಿರಲಿಲ್ಲ. ಬೆನ್ನು ನೆಟ್ಟಗಾಯಿತು, ದನಿ ತಣ್ಣಗಾಯಿತು. ನನ್ನ ಮುಂದೆ ಹಿಮ್ಮುಖವಾಗಿ ಇಳಿಯುತ್ತಾ, ಎರಡು ಅಂಗೈಗಳನ್ನೂ ನನ್ನ ಕಡೆ ಚಾಚಿ, "ಕಾಲು ನೋಡಬೇಡ. ನನ್ನ ನೋಡು. ಮೊಣಕಾಲು ಮೆತ್ತಗೆ. ಹೆದರಿಕೆ ಆಗ್ತಿದೆಯಾ? ಆಗಲಿ. ಹೆದರಿಕೊಂಡೇ ಬಾ" ಅನ್ನುತ್ತಿದ್ದರು. ನಾನು ಬಿದ್ದೆ. ಮತ್ತೆ ಬಿದ್ದೆ. ಮ್ಯಾನೇಜರರ ಗುಲಾಬಿ ಗಿಡದ ಮೇಲೂ ಬಿದ್ದೆ! ಪ್ರತಿ ಸಲವೂ ಅವರು ನಗದೆ, ಎತ್ತದೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಾನೇ ಏಳುವ ತನಕ ಕಾದರು. ಕೊನೆಗೆ ಒಮ್ಮೆ, ಅದು ಹೇಗೋ, ಮೇಲಿನಿಂದ ಕೆಳಗಿನ ತನಕ ನಿಂತೇ ಬಂದೆ. ಭಾವ "ಹಾಂ!" ಎಂದರು. ಆ ಒಂದು ಹಾಂ ಕೇಳಲು ಜನ ಹಿಮಾಲಯ ಹತ್ತುತ್ತಿದ್ದರು ಎಂದು ಆಗ ನನಗೆ ಅರ್ಥವಾಯಿತು.

ಪಾಠ ಮುಗಿದ ಮೇಲೆ ಪರೀಕ್ಷಕಿ ತನ್ನ ಮುಂದಿದ್ದ ಕಂಪ್ಯೂಟರನ್ನು ನೋಡುತ್ತಾ ಕೇಳಿದಳು: "ಸಾರ್, ನಿಮಗೆ ಬೇಕಾದ ಕ್ಲಾಸುಗಳೆಲ್ಲ ಎಂದೋ ಮುಗಿದಿವೆ. ಆದರೂ ಬರ್ತಾನೇ ಇದ್ದೀರಿ. ಹೊಸಬರಿಗೆ ಮಾಡುವ ಮೊದಲ ಪಾಠಕ್ಕೂ ಬಂದಿದ್ದೀರಿ, ಅದೂ ಮತ್ತೆ ಮತ್ತೆ. ಅದನ್ನ ನೀವೇ ಪಾಠ ಮಾಡಬಲ್ಲಿರಿ. ಯಾಕೆ ಸಾರ್?"

ಭಾವ ತಮಾಷೆ ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ.

"ಆ ಕ್ಲಾಸು ಶುರುವಾಗೋ ಮುಂಚೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಹೇಗಿದೀರಿ ಅಂತ ಕೇಳ್ತಾರಲ್ಲಮ್ಮ" ಅಂದರು. "ಅದಕ್ಕೆ."

ತೋಟದಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು. ನಾನು ಕಾಲಿನ ಪಟ್ಟಿ ಬಿಚ್ಚುವುದನ್ನು ಬಿಟ್ಟು ಹಾಗೇ ಕೂತೆ. ಪರೀಕ್ಷಕಿ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಪಾಸಾಗಿದ್ದೀರಿ ಸಾರ್, ಲೈಸೆನ್ಸು ಮುಂದುವರಿಯುತ್ತೆ" ಅಂದಳು. ಭಾವ ಕೈಮುಗಿದರು. ಕರೆ ಮುಗಿಯಬೇಕಿತ್ತು, ಅವಳು ಮುಗಿಸಲಿಲ್ಲ.

"ಸಾರ್, ಇಲ್ಲಿ ಬೆಳಗ್ಗೆಯಿಂದ ಬೀಳ್ತಿದೆ. ಇವತ್ತು ಕ್ಲಾಸುಗಳೆಲ್ಲ ರಜಾ. ನೋಡ್ತೀರಾ?" ಎಂದು ಎದ್ದು, ಫೋನನ್ನು ಕಿಟಕಿಯ ಕಡೆ ತಿರುಗಿಸಿ ಹಿಡಿದಳು.

ಭಾವ ಕುರ್ಚಿಯಿಂದ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹುಲ್ಲಿನ ಮೇಲೆ ಕೂತರು. ಮಧ್ಯಾಹ್ನದ ಬಿಸಿಲಿಗೆ ಪರದೆ ಪಳಪಳ ಹೊಳೆಯುತ್ತಿತ್ತೇ ಹೊರತು ಏನೂ ಕಾಣುತ್ತಿರಲಿಲ್ಲ. ಅವರು ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ಒದ್ದಾಡುತ್ತಿದ್ದರು. ನಾನು ಎದ್ದು ಹೋಗಿ ಬಿಸಿಲಿಗೆ ಅಡ್ಡವಾಗಿ ನಿಂತೆ. ನನ್ನ ನೆರಳು ಅವರ ಕೈಯ ಮೇಲೆ ಬಿತ್ತು, ಪರದೆಯಲ್ಲಿ ಹಿಮ ಕಾಣಿಸಿತು. ಸದ್ದೇ ಇಲ್ಲದೆ ಬೀಳುತ್ತಿತ್ತು.

"ತೇವ ಜಾಸ್ತಿ ಇದೆ, ಕುಸಿಯಬಹುದು" ಎಂದರು ಭಾವ. "ನಾಳೆನೂ ಯಾರನ್ನೂ ಮೇಲಕ್ಕೆ ಕರ್ಕೊಂಡು ಹೋಗಬೇಡಮ್ಮ."

"ಆಯ್ತು ಸಾರ್" ಅಂದಳು ಅವಳು.

ಆಮೇಲೆ ಇಬ್ಬರೂ ಹಿಮ ಬೀಳುವುದನ್ನು ನೋಡುತ್ತಿದ್ದರು. ಫೋನನ್ನು ಯಾರೂ ಇಡಲಿಲ್ಲ. ಬಿಸಿಲು ಬೆನ್ನು ಸುಡುತ್ತಿತ್ತು. ನಾನು ಅಲುಗಾಡದೆ ನಿಂತೇ ಇದ್ದೆ.