ಮಹದೇವಪ್ರಸಾದರ ಕ್ರೂಸರ್ ಟ್ಯಾಂಕು

ಆಯುಧಪೂಜೆಯ ದಿನ ಬೆಳಿಗ್ಗೆ ಸ್ಟೋರ್ಸ್ ವಿಭಾಗದ ತಳ್ಳುಗಾಡಿಯ ಚಕ್ರವೊಂದು ಮುರಿಯಿತು. ಅದೊಂದು ಮುರಿಯದೆ ಇದ್ದಿದ್ದರೆ ಸ್ಟೋರ್ ಕೀಪರ್ ಮಹದೇವಪ್ರಸಾದರು ಸಂಜೆ ಹೆಂಡತಿಯನ್ನು ಸ್ವಂತ ಕಾರಿನಲ್ಲಿ ಕೂರಿಸಿಕೊಂಡು ಮಂಡಕಳ್ಳಿಯ ಆಕೆಯ ಅಕ್ಕನ ಮನೆಗೆ ಹೋಗಿ ಗೌರವದಿಂದ ಹೋಳಿಗೆ ತಿಂದು ಬರುತ್ತಿದ್ದರು.

ಹೂಟಗಳ್ಳಿಯ ಆ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಗೆ ಪ್ರತಿ ವಿಭಾಗವೂ ಗುಜರಿ ಸಾಮಾನಿನಲ್ಲೇ ಒಂದು ಸ್ತಬ್ಧಚಿತ್ರ ಮಾಡಿ ಮೆರವಣಿಗೆಯಲ್ಲಿ ತರಬೇಕು, ಚೆನ್ನಾದದ್ದಕ್ಕೆ ಬಹುಮಾನ. ಹೊಸ ಸಾಮಾನು ಒಂದು ಮೊಳೆಯೂ ಇರಕೂಡದು. ಸ್ಟೋರ್ಸಿನವರು ಹಿಂದಿನ ವರ್ಷ ಕಮಲದ ಹೂ ಮಾಡಿದ್ದರು. ನೋಡಿದವರೆಲ್ಲ ಎಲೆಕೋಸು ಚೆನ್ನಾಗಿದೆ ಎಂದು ಹೊಗಳಿ ಹೋದರು.

ಈ ವರ್ಷ ಮಾತ್ರ ಕಾಲ ಬೇರೆಯಾಗಿತ್ತು. ಬಹುಮಾನ ತೀರ್ಮಾನಿಸುವ, ಹೊಸದಾಗಿ ಬಂದ ಜನರಲ್ ಮ್ಯಾನೇಜರು ಸೇನೆಯ ಟ್ಯಾಂಕ್ ರೆಜಿಮೆಂಟಿನಿಂದ ನಿವೃತ್ತರಾದ ಕರ್ನಲ್. ಮಹದೇವಪ್ರಸಾದರಿಗೆ ಇಷ್ಟು ಸಾಕಾಯಿತು. ದೇವರಾಜ ಅರಸು ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ಯುದ್ಧದ ಪತ್ರಿಕೆಗಳನ್ನು ಓದಿ ಓದಿ ಅವರು ಬ್ರಿಟಿಷ್ ಟ್ಯಾಂಕುಗಳ ವಿಷಯದಲ್ಲಿ ಪಂಡಿತರಾಗಿದ್ದರು. ಊಟದ ಹೊತ್ತಿಗೆ ಅವರು ಡಬ್ಬಿ ಬಿಚ್ಚಿದರೆ ಸಹೋದ್ಯೋಗಿಗಳು ತಮ್ಮ ಡಬ್ಬಿ ಮುಚ್ಚಿಕೊಂಡು ಏಳುತ್ತಿದ್ದರು. ಅಂಥವರು ಈಗ ತಾವಾಗಿಯೇ ಬಂದು ಸುತ್ತ ಕೂತರು.

“ಕ್ರೂಸರ್ ಅಂದ್ರೆ ಓಟದ ಟ್ಯಾಂಕು ಕಣ್ರೀ,” ಎಂದು ಮಹದೇವಪ್ರಸಾದರು ಶುರುಮಾಡಿದರು. “ಕಾಲಾಳುಗಳ ಜೊತೆ ನಿಧಾನಕ್ಕೆ ನಡೆಯೋಕೆ ಬೇರೆ ದಪ್ಪ ಚರ್ಮದ ಟ್ಯಾಂಕಿತ್ತು. ಶತ್ರು ಸಾಲು ಮುರೀತಿದ್ದಂಗೇ ಸಂದೀಲಿ ನುಗ್ಗಿ ಬೆನ್ನಿಗೆ ಬಡಿಯೋದು ಕ್ರೂಸರ್ ಕೆಲಸ. ಮೊದಲ್ನೇದಕ್ಕೆ ತೋಪು ತಿರುಗೋ ದೊಡ್ಡ ಗೋಪುರ ಸಾಲ್ದು ಅಂತ ಮುಂದ್ಗಡೆ ಎರಡು ಮರಿ ಗೋಪುರ ಇಟ್ರು. ಆಮೇಲೆ ಕವೆನೆಂಟರ್ ಮಾಡಿದ್ರು. ಅದರ ಇಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ಹೆಜ್ಜೆ ಇಟ್ರೆ ಕುದಿಯೋದು. ಯುದ್ಧಕ್ಕೇ ಕಳಿಸ್ಲಿಲ್ಲ, ಮನೇಲೇ ಇಟ್ಕೊಂಡು ಹುಡುಗರಿಗೆ ತರಬೇತಿ ಕೊಟ್ರು.”

“ಪಾಪ, ಅದಕ್ಕೆ ಅಷ್ಟೊಂದು ಕಬ್ಬಿಣ ದಂಡ,” ಎಂದರು ಕ್ಯಾಂಟೀನಿನ ಬೋರಮ್ಮ.

“ಆಮೇಲೆ ಕ್ರುಸೇಡರ್. ಮರಳುಗಾಡಲ್ಲಿ ಕುದುರೆ ಓಡಿದಂಗೆ ಓಡ್ತಿತ್ತು. ಆಮೇಲೆ ವಿಮಾನದ ಇಂಜಿನ್ನನ್ನೇ ಪಳಗಿಸಿ ಹಾಕಿದ ಕ್ರಾಮ್‌ವೆಲ್. ಕೊನೆಗೆ ಕಾಮೆಟ್ ಬರೋ ಹೊತ್ಗೆ ಎಲ್ಲ ಸರಿಹೋಯ್ತು, ಯುದ್ಧಾನೂ ಮುಗೀತು. ನಾವು ಕ್ರುಸೇಡರ್ ಮಾಡೋಣ. ಬಹುಮಾನ ನಮ್ದೇ, ಬರೆದಿಟ್ಕೊಳ್ಳಿ.”

ಹೀಗೆ ಪ್ಲೈವುಡ್ಡು, ಹಳೆಯ ಕನ್ವೇಯರ್ ಬೆಲ್ಟು, ಪೈಪಿನ ತೋಪು ಎಲ್ಲ ಸಿದ್ಧವಾಯಿತು. ಹಬ್ಬದ ಬೆಳಿಗ್ಗೆ ತಳ್ಳುಗಾಡಿಗೆ ಏರಿಸಿದರೆ ಚಕ್ರ ಮುರಿಯಿತು. ಎಲ್ಲರೂ ತಲೆಮೇಲೆ ಕೈಹೊತ್ತು ಕೂತರು. ಮಹದೇವಪ್ರಸಾದರು ಮಾತ್ರ ನಕ್ಕರು.

“ಮರಳುಗಾಡಲ್ಲಿ ಇಂಗ್ಲಿಷರು ಟ್ಯಾಂಕಿಗೆ ಬಟ್ಟೆ ಮುಸುಕು ಹಾಕಿ ಲಾರಿ ಮಾಡಿದ್ರು. ಲಾರಿಗೆ ಮುಸುಕು ಹಾಕಿ ಟ್ಯಾಂಕ್ ಮಾಡಿದ್ರು. ಶತ್ರುಗೇ ಗೊತ್ತಾಗ್ಲಿಲ್ಲ, ಇನ್ನು ನಮ್ಮ ಕರ್ನಲ್‌ಗೆ ಗೊತ್ತಾಗುತ್ತಾ? ನನ್ನ ಕಾರ್ ಇದೆಯಲ್ಲ!”

ಕಾರೆಂದರೆ ತಿಳಿನೀಲಿ ಬಣ್ಣದ ಹಳೆಯ ಫಿಯೆಟ್. ಹೋದ ವಾರವಷ್ಟೇ ಮನೆಗೆ ಬಂದಿತ್ತು. ಅದಕ್ಕಾಗಿ ಕಾದವರು ಹೆಂಡತಿ ಗಿರಿಜಾಂಬಾ. ಮಂಡಕಳ್ಳಿಯ ಅಕ್ಕ ಪ್ರತಿ ಹಬ್ಬಕ್ಕೂ, “ಬಸ್ಸಲ್ಲಿ ಬಂದ್ರಾ? ಪಾಪ, ಸೀಟ್ ಸಿಕ್ತಾ?” ಎಂದು ಕೇಳಿ ಕೇಳಿ ಆಕೆಯ ಜೀವ ಅರ್ಧ ಮಾಡಿದ್ದಳು. ಈ ಸಲ ಆ ಬಾಯಿ ಮುಚ್ಚಿಸಬೇಕು. ಬೆಳಿಗ್ಗೆ ಕಾರು ಹೊರಟಾಗ ಗಿರಿಜಾಂಬಾ ಗೇಟಿನ ತನಕ ಬಂದು ಹೇಳಿದ್ದರು:

“ಹಬ್ಬದ ದಿನ ಕಾರಿಗೆ ಪೂಜೆ ಆಗದೆ ನಾನು ಹತ್ತೋಳಲ್ಲ.”

“ಫ್ಯಾಕ್ಟರೀಲೇ ಮಾಡಿಸ್ತೀನಿ ಕಣೆ. ನೀನು ಸಾಯಂಕಾಲ ಅಲ್ಲಿಗೇ ಬಂದ್ಬುಡು, ಹಂಗೇ ಹೊರಡೋಣ.”

ಗುಜರಿಯ ನಿಯಮ ನೆನಪಾಗಿ, ಈ ಸಲ ಸ್ಟೋರ್ಸಿನ ಜೊತೆ ಸೇರಿಕೊಂಡಿದ್ದ ಲೆಕ್ಕದ ವಿಭಾಗದ ಶಿವರುದ್ರಪ್ಪ ಮೆಲ್ಲಗೆ ಕೆಮ್ಮಿದರು. “ಒಳಗೆ ಕಾರಿದೆ ಅಂತ ಗೊತ್ತಾದ್ರೆ ನಮ್ಮನ್ನ ಸ್ಪರ್ಧೆಯಿಂದ್ಲೇ ತೆಗೆದುಬುಡ್ತಾರೆ ಕಣ್ರೀ.”

“ಯಾರು ಹೇಳ್ತಾರೆ? ಬಹುಮಾನ ತಗೊಂಡ ಮೇಲೆ ಬಿಚ್ಚಿಬುಡೋದು. ಪ್ಲೈವುಡ್ ತಾನೇ?”

ಪ್ಲೈವುಡ್ಡೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ವೆಲ್ಡರ್ ಮರಿಸ್ವಾಮಿಗೆ ಕೈ ಕಡಿಯತೊಡಗಿತ್ತು. “ಇದೇನ್ ಸಾ, ಪೆಟ್ಟಿ ಇದ್ದಂಗದೆ! ತಗಡು ಹೊಡ್ದು ಗಟ್ಟಿ ಮಾಡ್ಬುಡ್ತೀನಿ,” ಎಂದು ಮುಂಭಾಗವನ್ನೆಲ್ಲ ತಗಡಿನಿಂದ ಮುಚ್ಚಿ ಬೆಸುಗೆ ಹಾಕಿಯೇಬಿಟ್ಟ. ಶಿವರುದ್ರಪ್ಪನವರಿಗೆ ತಮ್ಮ ವಿಭಾಗದ ಕಾಣಿಕೆಯೂ ಅದರಲ್ಲಿ ಇರಬೇಕು. ಅವರ ಒತ್ತಾಯಕ್ಕೆ ಎರಡು ಡಾಂಬರು ಡಬ್ಬಗಳು ಮರಿ ಗೋಪುರಗಳಾಗಿ ಮುಂದೆ ಕೂತವು. ಬೋರಮ್ಮ ಉಳಿದ ಸಂದಿಗಳಿಗೆಲ್ಲ ಬಾಳೆಕಂದು, ಚೆಂಡುಹೂ ತುರುಕಿದರು.

“ನೋಡ್ರೀ, ಇಂಗ್ಲೆಂಡಲ್ಲೂ ಹಿಂಗೇ ಆಗಿದ್ದು,” ಎಂದರು ಮಹದೇವಪ್ರಸಾದರು ಹೆಮ್ಮೆಯಿಂದ. “ಒಬ್ಬ ಓಟ ಬೇಕು ಅಂದ, ಇನ್ನೊಬ್ಬ ಕವಚ ಬೇಕು ಅಂದ, ಮತ್ತೊಬ್ಬ ತೋಪು ದೊಡ್ಡದಾಗ್ಲಿ ಅಂದ.” ಇಂಗ್ಲೆಂಡಿನಲ್ಲಿ ಅದರಿಂದ ಏನಾಯಿತು ಎಂಬುದನ್ನು ಅವರು ಆ ಗಳಿಗೆಯಲ್ಲಿ ನೆನಪು ಮಾಡಿಕೊಳ್ಳಲಿಲ್ಲ.

ಮಧ್ಯಾಹ್ನದ ಮೇಲೆ ಮೆರವಣಿಗೆ ಹೊರಟಿತು. ಮಹದೇವಪ್ರಸಾದರು ಒಳಗೆ ಸ್ಟೀರಿಂಗ್ ಹಿಡಿದು, ಬೆರಳಗಲದ ಸಂದಿಯಲ್ಲಿ ದಾರಿ ನೋಡುತ್ತ ಟ್ಯಾಂಕು ಓಡಿಸಿದರು. ಕ್ಯಾಂಟೀನ್ ದಾಟುವ ತನಕ ಎಲ್ಲ ಸರಿಯಿತ್ತು. ರೇಡಿಯೇಟರಿಗೆ ಒಂದು ಗುಟುಕು ಗಾಳಿಯೂ ಇಲ್ಲದೆ ಫಿಯೆಟ್ಟು ಅಲ್ಲಿಂದ ಮುಂದೆ ಬೇಯತೊಡಗಿತು. ಜೊತೆಗೆ ಮಹದೇವಪ್ರಸಾದರೂ ಬೆಂದರು. ಮುಖ್ಯದ್ವಾರದ ಮುಂದೆ, ಸರಿಯಾಗಿ ಕರ್ನಲ್ ಸಾಹೇಬರ ಎದುರಿಗೆ, ಟ್ಯಾಂಕು ಎರಡು ಸಲ ಕೆಮ್ಮಿ ನಿಂತಿತು. ಮುಂಭಾಗದಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಎದ್ದಿತು.

ಮಹದೇವಪ್ರಸಾದರು ಹಿಂದಿನ ಕಿಂಡಿಯಿಂದ ತೆವಳಿಕೊಂಡು ಈಚೆಗೆ ಬಂದರು. ಮಾನ ಹೋಯಿತು ಎಂದೇ ತಿಳಿದಿದ್ದರು. ಆದರೆ ಕರ್ನಲ್ ಸಾಹೇಬರ ಮೀಸೆ ಸಂತೋಷದಿಂದ ಕುಣಿಯುತ್ತಿತ್ತು.

“ಕವೆನೆಂಟರ್!” ಎಂದು ಅವರು ಕೂಗಿದರು. “ಹಬೆ ಕೂಡ ಕರೆಕ್ಟ್ ಜಾಗದಿಂದಲೇ ಬರ್ತಿದೆ! ಯಾರ್ರೀ ಇದನ್ನ ಮಾಡಿದ್ದು?”

ಕ್ರುಸೇಡರ್ ಎಂದು ಹೇಳಲು ಹೊರಟಿದ್ದ ಮಹದೇವಪ್ರಸಾದರ ನಾಲಿಗೆ ಕ್ಷಣದಲ್ಲಿ ಪಕ್ಷ ಬದಲಿಸಿತು. “ನಾನೇ ಸಾರ್. ಕುದಿಯದೆ ಇದ್ರೆ ಅದು ಕವೆನೆಂಟರ್ ಹೆಂಗಾಗುತ್ತೆ ಸಾರ್?”

“ಎಲ್ಲಾ ಗುಜರಿಯೇ ತಾನೆ?”

ಮರಿಸ್ವಾಮಿ ಆಕಾಶ ನೋಡಿದ. ಶಿವರುದ್ರಪ್ಪ ತಮ್ಮ ಚಪ್ಪಲಿ ನೋಡಿಕೊಂಡರು.

“ಒಳಗೂ ಹೊರಗೂ ಶುದ್ಧ ಗುಜರಿ ಸಾರ್,” ಎಂದರು ಮಹದೇವಪ್ರಸಾದರು. ಹೇಳುವಾಗ ಎದೆಯೊಳಗೆ ಒಂದು ಮುಳ್ಳು ಆಡಿತು.

ಮೊದಲ ಬಹುಮಾನದ ಫಲಕ ಕೈಗೆ ಬಂತು. ಚಪ್ಪಾಳೆಯ ನಡುವೆ ರೇಷ್ಮೆ ಸೀರೆಯುಟ್ಟ ಗಿರಿಜಾಂಬಾ ಬಂದರು. ಜೊತೆಗೆ ಪಕ್ಕದ ಮನೆ ಸರೋಜಮ್ಮ. ಕಾರು ಇರುವುದು ನಿಜವೋ, ಎಲ್ಲಿಂದಲೋ ಎರವಲು ತಂದದ್ದೋ ಎಂದು ಖುದ್ದಾಗಿ ನೋಡಿ ಹೋಗಲು ಅವರು ಬಂದಿದ್ದರು. ಕರ್ನಲ್ ಸಾಹೇಬರು ಗಿರಿಜಾಂಬಾರನ್ನು ಮುಂದೆ ಕರೆದರು.

“ಬನ್ನಿ ತಾಯಿ, ಯಜಮಾನರ ಟ್ಯಾಂಕಿಗೆ ನೀವೇ ಪೂಜೆ ಮಾಡಿ.”

ಗಿರಿಜಾಂಬಾರ ಮುಖ ಅರಳಿತು. ಮದುವೆಯಾದಾಗಿನಿಂದ ಗಂಡನ ಟ್ಯಾಂಕ್ ಪುರಾಣ ಕೇಳಿ ತಲೆನೋವಿನ ಗುಳಿಗೆ ನುಂಗಿದ ಹೆಂಗಸಿಗೆ ಊರ ಮುಂದೆ ಸಿಕ್ಕ ಮೊದಲ ಮರ್ಯಾದೆ ಅದು. ತಗಡಿಗೆ ವಿಭೂತಿ ಬಳಿದರು, ಕುಂಕುಮ ಇಟ್ಟರು, ಊದುಕಡ್ಡಿ ಬೆಳಗಿದರು. ಬೋರಮ್ಮ ಬೂದುಗುಂಬಳ ಒಡೆದರು. ಬೆಲ್ಟಿನ ಕೆಳಗೆ ನಿಂಬೆಹಣ್ಣು ಇಡುವಾಗ ಗಿರಿಜಾಂಬಾ ಎಲ್ಲಿ ಬಗ್ಗಿ ಒಳಗೆ ನೋಡಿಬಿಡುತ್ತಾರೋ ಎಂದು ಮಹದೇವಪ್ರಸಾದರು ಸಂದಿಗೆ ಅಡ್ಡವಾಗಿ ನಿಂತರು. ಆಕೆ ನೋಡಲಿಲ್ಲ. ಕೈಮುಗಿದು ಎದ್ದು ನಿಂತು ಹೇಳಿದರು:

“ಸಾರ್, ಒಂದು ಮಾತು ನಡೆಸಿಕೊಡಬೇಕು. ಇಷ್ಟು ಚೆನ್ನಾಗಿರೋದನ್ನ ನಾಳೆ ಬಿಚ್ಚಿ ಬಿಸಾಕಬೇಡಿ. ಇಲ್ಲೇ ಗೇಟ್ ಹತ್ರ ಶಾಶ್ವತವಾಗಿ ಇಡ್ಸಿ.”

“ಒಳ್ಳೇ ಐಡಿಯಾ!” ಎಂದರು ಕರ್ನಲ್. “ನಮ್ಮ ರೆಜಿಮೆಂಟಲ್ಲೂ ಗೇಟಿಗೊಂದು ಟ್ಯಾಂಕ್ ಇತ್ತು. ಆ ಖಾಲಿ ಕಟ್ಟೆ ಮೇಲೆ ಈಗಲೇ ಏರಿಸಿ. ಮರಿಸ್ವಾಮಿ, ಅಲುಗಾಡದ ಹಾಗೆ ಕಟ್ಟೆಯ ಕಂಬಿಗಳಿಗೆ ವೆಲ್ಡ್ ಮಾಡಿಬಿಡು.”

“ಸಾರ್...” ಎಂದರು ಮಹದೇವಪ್ರಸಾದರು. ಶಿವರುದ್ರಪ್ಪ ಹಿಂದಿನಿಂದ ಅವರ ತೊಡೆಗೆ ಚಿವುಟಿದರು.

“ಏನ್ರೀ ಮಹದೇವಪ್ರಸಾದ್?”

“ಏನಿಲ್ಲ ಸಾರ್. ಸಂತೋಷ ಆಯ್ತು ಸಾರ್.”

ಕ್ರೇನು ಬಂತು. ಟ್ಯಾಂಕು ಮೇಲೆದ್ದು, ಹಬೆಯಾಡುತ್ತಲೇ ಹೋಗಿ ಕಟ್ಟೆಯ ಮೇಲೆ ಕೂತಿತು. ಮರಿಸ್ವಾಮಿ ಹುಕುಂ ಪಾಲಿಸುವ ಮನುಷ್ಯ. ಮಹದೇವಪ್ರಸಾದರ ಮುಖವನ್ನೊಮ್ಮೆ, ಕರ್ನಲ್ ಸಾಹೇಬರ ಮುಖವನ್ನೊಮ್ಮೆ ನೋಡಿ ವೆಲ್ಡಿಂಗ್ ಕನ್ನಡಕ ಇಳಿಸಿಕೊಂಡ. ಕಿಡಿಗಳು ಹಾರಿದವು. ಜನ ಪುರಿ, ಬಾಳೆಹಣ್ಣು ತಿನ್ನುತ್ತ ಚದುರಿದರು.

ಗಿರಿಜಾಂಬಾ ಫಲಕವನ್ನು ಸೆರಗಿನಲ್ಲಿ ಒರೆಸಿ ಎದೆಗವಚಿಕೊಂಡರು. ಗಂಡನನ್ನು ಅಷ್ಟು ಪ್ರೀತಿಯಿಂದ ಅವರು ನೋಡಿ ಎಷ್ಟೋ ಕಾಲವಾಗಿತ್ತು.

“ನಡೀರಿ, ಹೊತ್ತಾಯ್ತು. ಅಕ್ಕ ಬಾಗಿಲಲ್ಲೇ ಕಾಯ್ತಿರ್ತಾಳೆ. ಸರೋಜಮ್ಮನೂ ಒಂದ್ಸಲ ನೋಡ್ಲಿ, ಕಾರ್ ತನ್ನಿ.”

ಮಹದೇವಪ್ರಸಾದರು ಕಟ್ಟೆಯ ಕಡೆ ನೋಡಿದರು. ಮರಿಸ್ವಾಮಿ ಕೊನೆಯ ಮೂಲೆಯ ಬೆಸುಗೆಯಲ್ಲಿದ್ದ.

“ಯಾಕ್ರೀ, ಕಾರಿಗೆ ಪೂಜೆ ಆಗ್ಲಿಲ್ವಾ?”

“ಆಯ್ತು ಕಣೆ. ಕುಂಬಳಕಾಯಿ, ನಿಂಬೆಹಣ್ಣು, ಎಲ್ಲಾ ಸಾಂಗವಾಗಿ ಆಯ್ತು.”

“ಮತ್ತೇನು? ಯಾರು ಮಾಡಿದ್ರು?”

ಮಹದೇವಪ್ರಸಾದರು ಬಸ್ ಸ್ಟಾಪಿನ ಕಡೆ ಒಂದು ಹೆಜ್ಜೆ ಇಟ್ಟು ಹೇಳಿದರು:

“ನೀನೇ.”